ಆಪತ್ತಿನ ಮನೆಯಲ್ಲಿ ಚಿಕ್ಕ ಮಕ್ಕಳು

(ಭಾನುವಾರದ ಪಾಠಶಾಲೆಯ ಉಪಾಧ್ಯಾಯರಿಗೂ ಸಭೆಯ ಹಿರಿಯರಿಗೂ ತಾಯಂದಿರ ಕೂಟದವರಿಗೂ. ಓದತಕ್ಕ ವೇದಭಾಗ: ೨ ಸಮುವೇಲ ೪:೪ ಮತ್ತು ೯ನೆಯ ಅಧ್ಯಾಯ.)

ಸತ್ಯವೇದದಲ್ಲಿ ಒಂದೇ ವಚನದೊಳಗೆ ಬಂದು ಹೋಗುವ ಹೆಂಗಸೊಬ್ಬಳಿದ್ದಾಳೆ. ಆಕೆಯ ಹೆಸರನ್ನು ಬರೆದಿಲ್ಲ. ಅರಸನಾದ ಸೌಲನ ಮನೆತನದಲ್ಲಿ ಆಕೆ ದಾದಿಯಾಗಿದ್ದಳು. ಯೋನಾತಾನನ ಮಗನನ್ನು ಸಾಕುವದು ಆಕೆಯ ಕೆಲಸವಾಗಿತ್ತು. ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಸೌಲನೂ ಯೋನಾತಾನನೂ ಸತ್ತರೆಂಬ ವರ್ತಮಾನವು ಇಜ್ರೇಲಿನಿಂದ ಬಂದಾಗ ಆ ಹುಡುಗನು ಐದು ವರುಷದವನು. ದಾದಿಯು ಅವನನ್ನು ಎತ್ತಿಕೊಂಡು ಓಡಿದಳು. ಅವಸರದಲ್ಲಿ ಅವನು ಬಿದ್ದು ಎರಡು ಕಾಲೂ ಕುಂಟಾದವು. ಅವನೇ ಮೆಫೀಬೋಶೆತನು.

ಈ ವಚನವನ್ನು ನಾವು ಬೇಗನೆ ಓದಿ ದಾಟಿಬಿಡುತ್ತೇವೆ. ಸ್ವಲ್ಪ ನಿಂತು ನೋಡೋಣ. ಹುಡುಗನನ್ನು ಕುಂಟನನ್ನಾಗಿ ಮಾಡಿದವರು ಯಾರು? ಫಿಲಿಷ್ಟಿಯರಲ್ಲ, ಅವರ ಕೈ ಅವನನ್ನು ಮುಟ್ಟಲೇ ಇಲ್ಲ. ಅವನನ್ನು ಪ್ರೀತಿಸಿ ಕಾಪಾಡಬೇಕೆಂದಿದ್ದವಳ ಕೈಯಿಂದಲೇ ಅವನು ಬಿದ್ದನು. ಆಕೆ ಕೆಟ್ಟವಳೆಂದು ವೇದವು ಹೇಳುವದಿಲ್ಲ, ನಾವೂ ಹೇಳಬಾರದು. ಓಡದೆ ಇದ್ದಿದ್ದರೆ ಮಗುವು ಉಳಿಯುತ್ತಿತ್ತೋ ಇಲ್ಲವೋ ಯಾರು ಬಲ್ಲರು? ಆದರೂ ಆಪತ್ತಿನ ದಿನದಲ್ಲಿ ಮಗುವಿಗೆ ಆಗುವ ಗಾಯಗಳೊಳಗೆ ಆಪತ್ತು ತಾನೇ ಮಾಡಿದ ಗಾಯ ಒಂದು, ದೊಡ್ಡವರ ಅವಸರವು ಮಾಡಿದ ಗಾಯ ಇನ್ನೊಂದು ಎಂಬದು ಇಲ್ಲಿ ಕಾಣುತ್ತದೆ. ಮೊದಲನೆಯದನ್ನು ತಡೆಯುವದು ಅನೇಕ ವೇಳೆ ನಮ್ಮ ಕೈಯಲ್ಲಿಲ್ಲ. ಎರಡನೆಯದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಈ ತಿಂಗಳಿನ ಪಾಠವು ಅದನ್ನು ಕುರಿತದ್ದು.

ಹೊರಗಿನಿಂದ ಬಂದವರು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಬಯಲುಗಳನ್ನು ನೋಡಿ ಇಲ್ಲಿಯವರಿಗೆ ಏನು ಕೊರತೆ ಎಂದು ಕೇಳುವದುಂಟು. ನಮ್ಮ ಹಿರಿಯರು ಇರ್ವಿನ್ ನಾಲೆಯೆಂದು ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆಯು ಕಬ್ಬನ್ನೂ ಭತ್ತವನ್ನೂ ತಂದಿತು, ನಿಜವೇ. ಆದರೆ ೨೦೧೫ರಲ್ಲಿ ಮಳೆ ಕೈಕೊಟ್ಟು, ಕಬ್ಬಿನ ಬಾಕಿ ಹಣ ಕೈಸೇರದೆ, ಕೈಸಾಲದ ಬಡ್ಡಿ ಏರಿ, ರಾಜ್ಯದ ಅನೇಕ ರೈತರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡಾಗ ಮಂಡ್ಯ ಜಿಲ್ಲೆಯ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ೨೦೧೬ರ ಸೆಪ್ಟೆಂಬರಿನಲ್ಲಿ ಕಾವೇರಿಯ ನೀರಿಗಾಗಿ ಗಲಭೆಯಾಗಿ ಹೆದ್ದಾರಿಯೂ ಶಾಲೆಗಳೂ ಮುಚ್ಚಿದವು. ೨೦೧೮ನೆಯ ನವೆಂಬರ್ ೨೪ರ ಶನಿವಾರ ನೆರೆಯ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಅದೇ ನಾಲೆಗೆ ಉರುಳಿ ೩೦ ಮಂದಿ ಸತ್ತರು; ಶನಿವಾರದ ಶಾಲೆ ಮುಗಿಸಿ ಊರಿಗೆ ಹಿಂದಿರುಗುತ್ತಿದ್ದ ಮಕ್ಕಳು ಅವರಲ್ಲಿದ್ದರು. ಆ ರಾತ್ರಿಯೇ ಬೆಂಗಳೂರಿನಲ್ಲಿ ಅಂಬರೀಷರು ತೀರಿಕೊಂಡದ್ದರಿಂದ ಜಿಲ್ಲೆಯೆಲ್ಲವೂ ಒಂದೇ ದಿನದಲ್ಲಿ ಎರಡು ದುಃಖವನ್ನು ಹೊತ್ತದ್ದು ವಾಚಕರಿಗೆ ನೆನಪಿರಬಹುದು. ಅಷ್ಟರೊಳಗೆ ೨೦೨೦ ಬಂತು. ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲೆಯ ಬಾಗಿಲು ಒಂದರಿಂದ ಐದನೆಯ ತರಗತಿಯವರಿಗೆ ೨೦೨೧ರ ಅಕ್ಟೋಬರ್ ೨೫ಕ್ಕೆ ತೆರೆಯಿತು. ನಡುವೆ ‘ವಿದ್ಯಾಗಮ’ವೆಂಬ ಹೆಸರಿನಿಂದ ಮೇಷ್ಟ್ರುಗಳು ಊರಿನ ಜಗಲಿಗಳಲ್ಲಿಯೂ ಮರದ ನೆರಳಿನಲ್ಲಿಯೂ ಕೆಲವು ವಾರ ಪಾಠ ಹೇಳಿದರು, ರೋಗದ ಭಯದಿಂದ ಅದೂ ನಿಂತಿತು. ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗುವು ಸ್ಲೇಟು ಹಿಡಿಯುವದಕ್ಕೆ ಮುಂಚೆ ಸಾವಿನ ಸುದ್ದಿಯನ್ನು ಕೇಳಿತು.

ಇದನ್ನು ಬರೆಯುವವನು ದಾದಿಯ ತಪ್ಪನ್ನು ದೂರದಿಂದ ನೋಡಿದವನಲ್ಲ. ೨೦೨೧ರ ಮೇ ತಿಂಗಳಲ್ಲಿ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಿಂದ ನಮ್ಮ ಸಭೆಯ ತಾಯಿಯೊಬ್ಬಳನ್ನು ಕೋವಿಡ್ ರೋಗದ ನಿಮಿತ್ತ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಏಳನೆಯ ದಿನ ಆಕೆ ತೀರಿಕೊಂಡಳು. ದೇಹವನ್ನು ಊರಿಗೆ ತರಲಾಗಲಿಲ್ಲ. ಗಂಡನೊಬ್ಬನೇ ದೂರದಲ್ಲಿ ನಿಂತು ಮಣ್ಣು ಹಾಕುವದನ್ನು ನೋಡಿ ಬಂದನು. ಮನೆಯಲ್ಲಿ ಅಜ್ಜಿಯ ಸಂಗಡ ಆರು ವರುಷದ ಮಗನಿದ್ದನು. ನಾನು ಅವನ ಭಾನುವಾರದ ಪಾಠಶಾಲೆಯ ಉಪಾಧ್ಯಾಯನಾದ್ದರಿಂದ ಹೇಳುವ ಭಾರವನ್ನು ನನ್ನ ಮೇಲೆ ಹಾಕಿದರು. ಜಗಲಿಯ ಮೇಲೆ ಅವನ ಪಕ್ಕದಲ್ಲಿ ಕೂತೆನು. ಅವನು ನನ್ನ ಮುಖವನ್ನು ನೋಡಿದನು. ನನ್ನ ಬಾಯಿ ಕಟ್ಟಿಹೋಯಿತು. “ಅವ್ವ ಮೈಸೂರ್ನಲ್ಲವ್ಳೆ ಕಣಪ್ಪ, ವಾಸಿಯಾದ್ಮೇಲೆ ಬತ್ತಾಳೆ” ಎಂದುಬಿಟ್ಟೆನು. ಮನೆಯವರೆಲ್ಲರೂ ಅದನ್ನೇ ಹಿಡಿದುಕೊಂಡರು. ಅದು ಆ ಹೊತ್ತಿಗೆ ದಯೆಯಂತೆ ಕಂಡಿತು.

ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ ಹುಡುಗನು ಸಾಯಂಕಾಲವಾದರೆ ರಸ್ತೆಯ ಬದಿಗೆ ಹೋಗಿ ಮೈಸೂರಿನ ಕಡೆಯಿಂದ ಬರುವ ಕೆಂಪು ಬಸ್ಸುಗಳನ್ನು ನೋಡುತ್ತಾ ನಿಲ್ಲುತ್ತಿದ್ದನು. ಎರಡು ತಿಂಗಳು ಹೀಗೆ ಕಳೆದವು. ಒಂದು ದಿನ ಗೋಲಿಯಾಟದಲ್ಲಿ ಜಗಳವಾಗಿ ಜೊತೆಯ ಹುಡುಗನು, “ನಿಮ್ಮವ್ವ ಸತ್ತೋಗವ್ಳೆ, ಊರ್ಗೆಲ್ಲ ಗೊತ್ತು, ನಿಂಗೊಬ್ನಿಗೇ ಗೊತ್ತಿಲ್ಲ” ಎಂದನು. ಅವನು ಅಳಲಿಲ್ಲವಂತೆ, ಗೋಲಿಗಳನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದು ಮಲಗಿದನು. ಪಾಠಶಾಲೆಯನ್ನು ನಾವು ಮತ್ತೆ ಆರಂಭಿಸಿದಾಗ ನಾನು ಲಾಜರನ ಸಂಗತಿಯನ್ನು ಹೇಳಿದೆನು. ಹಿಂದಿನ ಸಾಲಿನಿಂದ ಅವನು, “ಇದಾದ್ರೂ ನಿಜ್ವಾ ಮೇಷ್ಟ್ರೇ?” ಎಂದು ಕೇಳಿದನು. ಅದರಲ್ಲಿ ಕುಚೋದ್ಯವಿರಲಿಲ್ಲ. ಅವನಿಗೆ ತಿಳಿಯಬೇಕಾಗಿತ್ತು, ಅಷ್ಟೇ.

ಸಹೋದರರೇ, ಸಾವಿನ ವಿಷಯದಲ್ಲಿ ಸುಳ್ಳು ಹೇಳಿದ ಬಾಯಿಂದ ಪುನರುತ್ಥಾನದ ಮಾತನ್ನು ಮಗುವು ಹೇಗೆ ನಂಬೀತು? ಆದಕಾರಣ ಮೊದಲನೆಯ ಮಾತು ಇದೇ: ನಡೆದದ್ದನ್ನು ಮಗುವಿಗೆ ನಿಜವಾಗಿ ಹೇಳಿರಿ. ಬೇಗನೆ ಹೇಳಿರಿ, ಬೀದಿಯವರು ಹೇಳುವದಕ್ಕೆ ಮುಂಚೆ ಹೇಳಿರಿ. ಮಗುವಿಗೆ ಹತ್ತಿರವಾದವರೇ, ತಾಯಿಯೋ ತಂದೆಯೋ ಅಜ್ಜಿಯೋ, ಹೇಳುವದು ಉತ್ತಮ. ಅವರಿಂದಾಗದಿದ್ದರೆ ಉಪಾಧ್ಯಾಯನು ಹೇಳಲಿ, ಅವರಲ್ಲೊಬ್ಬರು ಮಗುವಿನ ಕೈ ಹಿಡಿದು ಕೂತಿರಲಿ. “ಸತ್ತುಹೋದರು” ಎಂಬ ಮಾತನ್ನೇ ಉಪಯೋಗಿಸತಕ್ಕದ್ದು. ಅದು ಕಠಿಣವೆಂದು ನಮಗೆ ತೋರುತ್ತದೆ. ಆದರೆ “ಅಪ್ಪ ಮಲಗವ್ರೆ” ಎಂದು ಕೇಳಿದ ಮಗುವು ರಾತ್ರಿ ತಾನು ಮಲಗುವದಕ್ಕೆ ಹೆದರುತ್ತದೆ. “ಊರಿಗೆ ಹೋದರು” ಎಂದು ಕೇಳಿದ ಮಗುವು, ನನ್ನನ್ನು ಬಿಟ್ಟು ಯಾಕೆ ಹೋದರು ಎಂದು ತನ್ನಲ್ಲಿಯೇ ತಪ್ಪು ಹುಡುಕುತ್ತದೆ. “ದೇವರಿಗೆ ಬೇಕಾಗಿತ್ತು, ಕರಕೊಂಡ” ಎಂದು ಕೇಳಿದ ಮಗುವು ಆ ದೇವರಿಗೆ ಪ್ರಾರ್ಥನೆ ಮಾಡುವದು ಹೇಗೆ? ನಿದ್ರೆಯೆಂಬ ಮಾತು ವೇದದಲ್ಲಿ ಉಂಟಲ್ಲವೇ ಎಂದು ಕೆಲವರು ಕೇಳಬಹುದು. ಉಂಟು. ಲಾಜರನು ನಿದ್ರೆಹೋಗಿದ್ದಾನೆಂದು ಕರ್ತನು ತನ್ನ ಶಿಷ್ಯರಿಗೆ ಹೇಳಿದನು. ದೊಡ್ಡವರಾದ ಆ ಶಿಷ್ಯರೇ ಅದನ್ನು ಸಾಧಾರಣವಾದ ನಿದ್ರೆಯೆಂದು ತಪ್ಪು ತಿಳಿದರು. ಆಗ ಆತನು ಲಾಜರನು ಸತ್ತನೆಂದು ಸ್ಪಷ್ಟವಾಗಿ ಹೇಳಿದನು (ಯೋಹಾನ ೧೧:೧೧–೧೪). ಶಿಷ್ಯರಿಗೆ ಬೇಕಾದ ಸ್ಪಷ್ಟತೆ ಆರು ವರುಷದವರಿಗೆ ಬೇಡವೇ?

ಒಂದು ಸಾರಿ ಹೇಳಿದ ಮಾತ್ರಕ್ಕೆ ಕೆಲಸವು ಮುಗಿಯುವದಿಲ್ಲ. ಐದಾರು ವರುಷದೊಳಗಿನ ಮಗುವಿಗೆ ಸತ್ತವರು ಹಿಂದಿರುಗುವದಿಲ್ಲವೆಂಬದು ಬೇಗ ತಿಳಿಯುವದಿಲ್ಲ. ಬೆಳಿಗ್ಗೆ ನೀವು ಹೇಳಿದ್ದನ್ನು ಕೇಳಿ ತಲೆಯಾಡಿಸಿ, ಸಾಯಂಕಾಲ ಅಪ್ಪ ಎಷ್ಟೊತ್ತಿಗೆ ಬರುತ್ತಾರೆಂದು ಕೇಳುತ್ತದೆ. ಸಿಟ್ಟುಮಾಡದೆ ಅದೇ ಮಾತನ್ನು ಅದೇ ರೀತಿಯಲ್ಲಿ ಹೇಳಬೇಕು. ಏಳೆಂಟು ವರುಷದ ಹೊತ್ತಿಗೆ ಸಾವು ಎಂದರೆ ಏನೆಂದು ಹೆಚ್ಚಿನ ಮಕ್ಕಳಿಗೆ ತಿಳಿಯುತ್ತದೆ. ಆಗ ಬೇರೊಂದು ಭಯ ಹುಟ್ಟುತ್ತದೆ. ಅವ್ವನೂ ಸಾಯುವಳೋ, ನಾವು ಏನು ಊಟ ಮಾಡುವದು, ನಾನು ಶಾಲೆ ಬಿಡಬೇಕೋ ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾರೆ. ಇನ್ನೊಂದು ಸಂಗತಿಯನ್ನು ದೊಡ್ಡವರು ಬಹಳವಾಗಿ ಮರೆಯುತ್ತಾರೆ. ಚಿಕ್ಕ ಮಕ್ಕಳು ಆದದ್ದಕ್ಕೆಲ್ಲಾ ತಾವೇ ಕಾರಣವೆಂದು ನೆನಸುವದುಂಟು. ಹಿಂದಿನ ದಿನ ಅಪ್ಪನ ಮೇಲೆ ಸಿಟ್ಟುಗೊಂಡು ಏನೋ ಅಂದಿದ್ದೆನು, ಅದಕ್ಕೆ ಹೀಗಾಯಿತು ಎಂದು ಒಳಗೊಳಗೇ ಬೇಯುತ್ತಾರೆ, ಕೇಳಿದರೂ ಹೇಳುವದಿಲ್ಲ. ಆದುದರಿಂದ ಅವರು ಕೇಳದಿದ್ದರೂ, “ಇದು ನಿನ್ನಿಂದಾದದ್ದಲ್ಲ” ಎಂದು ಬಾಯಿಬಿಟ್ಟು ಹೇಳಬೇಕು. ಮಣ್ಣಿನ ಆರಾಧನೆಗೆ ಬರಲು ಮಗುವು ಇಚ್ಛಿಸಿದರೆ, ಅಲ್ಲಿ ಏನೇನು ನಡೆಯುವದೆಂದು ಮುಂಚಿತವಾಗಿ ತಿಳಿಸಿ, ಒಬ್ಬರು ಕೈ ಹಿಡಿದುಕೊಂಡು ಕರೆದುಕೊಂಡು ಹೋಗಲಿ. ಬೇಡವೆಂದರೆ ಬಲವಂತ ಕೂಡದು.

ತಂದೆಯು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ ಮನೆಯಲ್ಲಿ ಏನು ಹೇಳುವದು? ಇದು ಎಲ್ಲಕ್ಕಿಂತ ಕಷ್ಟವಾದದ್ದು. ನಮ್ಮ ಸಭೆಗಳು ಇಲ್ಲಿಯೇ ಹೆಚ್ಚು ತಪ್ಪಿವೆ. ಹೆಣ ಇನ್ನೂ ಮನೆಯಲ್ಲಿರುವಾಗ ಮಕ್ಕಳು ಕೇಳುವಂತೆ, ಅವನ ಆತ್ಮದ ಗತಿ ಏನಾಯಿತೋ ಎಂದು ಮಾತಾಡಿಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಮೆಫೀಬೋಶೆತನ ಅಜ್ಜನಾದ ಸೌಲನು ಸತ್ತದ್ದು ಹೇಗೆ? ಶತ್ರುಗಳು ಮುಟ್ಟುವದಕ್ಕೆ ಮುಂಚೆ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ಆದರೂ ಯಾಬೇಷ್ ಗಿಲ್ಯಾದಿನವರು ರಾತ್ರಿಯೆಲ್ಲಾ ನಡೆದು ಹೋಗಿ ಅವನ ದೇಹವನ್ನು ತಂದು, ಎಲುಬುಗಳನ್ನು ಹೂಣಿಟ್ಟು, ಏಳು ದಿನ ಉಪವಾಸ ಮಾಡಿದರು. ಅವನಿಂದ ಬಹು ಬಾಧೆಪಟ್ಟ ದಾವೀದನೇ ಅವನಿಗಾಗಿ ಶೋಕಗೀತವನ್ನು ಕಟ್ಟಿ ಅದನ್ನು ಜನರಿಗೆ ಕಲಿಸಬೇಕೆಂದು ಆಜ್ಞಾಪಿಸಿದನು. ಆ ಹಾಡಿನಲ್ಲಿ ಅವನು ಸತ್ತ ರೀತಿಯನ್ನು ಕುರಿತು ನಿಂದೆಯ ಮಾತು ಒಂದೂ ಇಲ್ಲ. ಸಭೆಯವರು ಇದನ್ನು ಮನಸ್ಸಿನಲ್ಲಿಡಲಿ.

ಮಗುವಿಗಾದರೋ ಅದರ ಪ್ರಾಯಕ್ಕೆ ತಕ್ಕಂತೆ ಹೀಗೆ ಹೇಳಬಹುದು: ಮೈಗೆ ರೋಗ ಬರುವಂತೆಯೇ ಮನಸ್ಸಿಗೂ ರೋಗ ಬರುವದುಂಟು, ಅಪ್ಪನ ಮನಸ್ಸಿಗೆ ಬಹಳ ಆಯಾಸವಾಗಿ, ಬೇರೆ ದಾರಿಯುಂಟೆಂಬದು ಅವರಿಗೆ ಕಾಣದೆ ಹೋಯಿತು, ಅದು ನಿನ್ನಿಂದಲ್ಲ, ಅವ್ವನಿಂದಲ್ಲ, ಅವರು ನಿನ್ನನ್ನು ಪ್ರೀತಿಸಿದ್ದರು. ಸಾಲ ಒಂದೇ ಕಾರಣವೆಂದು ಹೇಳಬಾರದು, ಯಾಕಂದರೆ ನಾಳೆ ಆ ಮಗುವಿಗೂ ಸಾಲವಾಗುವ ಕಾಲ ಬಂದೀತು. ಸತ್ತ ಬಗೆಯನ್ನು ವಿವರಿಸುವ ಅಗತ್ಯವಿಲ್ಲ. ಕೇಳಿದರೆ ಸುಳ್ಳು ಹೇಳದೆ ಒಂದೇ ಮಾತಿನಲ್ಲಿ ಹೇಳಿ, ಅಪ್ಪನ ಬದುಕಿನ ಮಾತಿಗೆ ಬನ್ನಿರಿ. ಅವರು ನೇಗಿಲು ಹಿಡಿದದ್ದು, ಆಲೆಮನೆಯಿಂದ ಬಿಸಿಬೆಲ್ಲ ತಂದುಕೊಟ್ಟದ್ದು, ಇವು ಮಗುವಿಗೆ ಉಳಿಯಲಿ.

ದುಃಖವು ಮಕ್ಕಳಲ್ಲಿ ದೊಡ್ಡವರಂತೆ ತೋರುವದಿಲ್ಲವೆಂಬದನ್ನೂ ತಿಳಿಯತಕ್ಕದ್ದು. ಅವರು ಸ್ವಲ್ಪ ಅತ್ತು, ಎದ್ದು ಹೋಗಿ ಕುಂಟೆಬಿಲ್ಲೆ ಆಡುತ್ತಾರೆ. “ಇದಕ್ಕೇನೂ ತಿಳಿಯೋದಿಲ್ಲ ಬಿಡಿ” ಎಂದು ಹಿರಿಯರು ಅಂದುಕೊಳ್ಳುತ್ತಾರೆ. ಹಾಸಿಗೆ ಒದ್ದೆಮಾಡುವ ಅಭ್ಯಾಸ ಬಿಟ್ಟಿದ್ದ ಹುಡುಗಿ ಮತ್ತೆ ಮಾಡುತ್ತಾಳೆ. ಒಬ್ಬನು ತಾಯಿಯ ಸೆರಗನ್ನು ಬಿಡುವದಿಲ್ಲ. ಇನ್ನೊಬ್ಬನು ಯಾರೊಂದಿಗೂ ಮಾತಾಡುವದಿಲ್ಲ. ಮೂರನೆಯವನು ಶಾಲೆಯಲ್ಲಿ ಎಲ್ಲರನ್ನೂ ಹೊಡೆಯುತ್ತಾನೆ. ಹೊಟ್ಟೆನೋವು ತಲೆನೋವು ಎಂದು ದಿನಾಲು ಹೇಳುವದುಂಟು, ಅದು ನಟನೆಯಲ್ಲ. ಬಸ್ಸು ನೀರಿಗೆ ಬಿದ್ದದ್ದನ್ನು ಕಂಡ ಮಗುವು ಬೆಂಕಿಪೊಟ್ಟಣವನ್ನು ಬಸ್ಸು ಮಾಡಿ ಕಾಲುವೆಗೆ ಉರುಳಿಸಿ ಉರುಳಿಸಿ ಆಡಬಹುದು. ನೋಡುವ ನಮಗೆ ಮೈ ನಡುಗುತ್ತದೆ. ಆದರೆ ಬಾಯಿಂದ ಹೇಳಲಾರದ್ದನ್ನು ಮಗುವು ಕೈಯಿಂದ ಹೇಳುತ್ತಿದೆ. ಗದರಿಸಿ ನಿಲ್ಲಿಸಬೇಡಿರಿ. ಪಕ್ಕದಲ್ಲಿ ಕೂತು, ಬಸ್ಸಿನಲ್ಲಿರುವವರನ್ನು ಮೇಲಕ್ಕೆತ್ತುವವರು ಯಾರು ಎಂದು ಕೇಳಿದರೆ ಆಟವು ತಾನಾಗಿ ಬೇರೆ ದಾರಿಗೆ ತಿರುಗುವದುಂಟು. ಇಂಥಾ ನಡತೆಗಳು ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಹೊಡೆದರೆ, ಎಲ್ಲರ ಮುಂದೆ ನಾಚಿಸಿದರೆ, ಒಳಗೆ ಸೇರಿಕೊಳ್ಳುತ್ತವೆ.

ಹಿರಿಯ ಮಗನಿಗೆ “ಅಳಬ್ಯಾಡ, ಇನ್ಮೇಲೆ ಮನೆಗೆ ನೀನೇ ಗಂಡಸು” ಎಂದು ಹೇಳುವ ವಾಡಿಕೆಯೊಂದು ನಮ್ಮ ಊರುಗಳಲ್ಲಿ ಇದೆ. ಹತ್ತು ವರುಷದ ಹುಡುಗನ ಹೆಗಲಿಗೆ ಅದು ಎಷ್ಟು ಭಾರವೆಂದು ಹೇಳುವವರು ಯೋಚಿಸುವದಿಲ್ಲ. ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದ ಕರ್ತನೇ ಸಮಾಧಿಯ ಹತ್ತಿರ ಅತ್ತನು. ಅಳುವದಕ್ಕೆ ನಂಬಿಕೆಯ ಕೊರತೆಯೇ ಕಾರಣವೆಂದು ಮಕ್ಕಳಿಗೆ ಕಲಿಸಿದವರು ಯಾರೋ ನಾನರಿಯೆ. ಅವರು ಕೀರ್ತನೆಗಳ ಪುಸ್ತಕವನ್ನು ಓದಿರಲಾರರು. ಆ ಪುಸ್ತಕದಲ್ಲಿ ದೂರುವ, ಗೋಳಿಡುವ, ದೇವರನ್ನು ಯಾಕೆಂದು ಕೇಳುವ ಹಾಡುಗಳು ಬಹಳ ಉಂಟು. ನಿಮ್ಮ ತರಗತಿಯಲ್ಲಿ ಅವುಗಳಲ್ಲೊಂದನ್ನು, ಉದಾಹರಣೆಗೆ ೧೩ನೆಯ ಕೀರ್ತನೆಯನ್ನು, ಓದಿಸಿ, ಹಾಡಿದವನಿಗೆ ಆಗ ಹೇಗೆ ಆಗುತ್ತಿತ್ತು ಎಂದು ಕೇಳಿರಿ. ಭಯ, ಸಿಟ್ಟು, ನಾಚಿಕೆ, ಬೇಸರ ಇವುಗಳಿಗೆ ಹೆಸರಿಡುವದನ್ನು ಮಗುವು ಇನ್ನೊಬ್ಬನ ವಿಷಯದಲ್ಲಿ ಮೊದಲು ಕಲಿಯುತ್ತದೆ. ಆಮೇಲೆ ತನ್ನದನ್ನು ಹೇಳುತ್ತದೆ. ಆದರೆ ಜೋಕೆ: ದುಃಖದಲ್ಲಿರುವ ಮಗುವನ್ನು ಎಬ್ಬಿಸಿ ನಿಲ್ಲಿಸಿ, ನಿನಗೆ ಆದದ್ದನ್ನು ಎಲ್ಲರಿಗೂ ಹೇಳು ಎಂದು ಕೇಳಬೇಡಿರಿ, ಸಾಕ್ಷಿ ಹೇಳಿಸುವ ಆಸಕ್ತಿಯುಳ್ಳವರು ಇದನ್ನು ವಿಶೇಷವಾಗಿ ಗಮನಿಸಲಿ. ಲೋಕ ಆರೋಗ್ಯ ಸಂಸ್ಥೆಯವರು ೨೦೧೧ರಲ್ಲಿ ಪ್ರಕಟಿಸಿದ ಪ್ರಥಮ ಮಾನಸಿಕ ನೆರವಿನ ಕೈಪಿಡಿಯಲ್ಲಿಯೂ, ಆಪತ್ತಿಗೆ ಒಳಗಾದವರ ಅಗತ್ಯವೇನೆಂದು ನೋಡಬೇಕು, ಹೇಳಿದರೆ ಕೇಳಬೇಕು, ನೆರವು ಕೊಡುವವರ ಬಳಿಗೆ ಸೇರಿಸಬೇಕು, ನಡೆದದ್ದನ್ನು ಹೇಳೆಂದು ಒತ್ತಾಯಪಡಿಸಬಾರದು ಎಂಬದೇ ಬುದ್ಧಿವಾದ. ಯೋಬನ ಸ್ನೇಹಿತರು ಏಳು ದಿನ ಏನೂ ಮಾತಾಡದೆ ನೆಲದ ಮೇಲೆ ಅವನ ಸಂಗಡ ಕೂತಿದ್ದಾಗ ಒಳ್ಳೆಯ ಸ್ನೇಹಿತರಾಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟರು.

ಇನ್ನು ದಾವೀದನ ಮೇಜಿಗೆ ಬರೋಣ. ಅರಸನಾದ ಮೇಲೆ ಅವನು ಸೌಲನ ಮನೆಯವರಲ್ಲಿ ಯಾರಾದರೂ ಉಳಿದಿದ್ದಾರೋ ಎಂದು ತಾನಾಗಿ ವಿಚಾರಿಸಿದನು. ಆ ಮನೆಯ ಸೇವಕನಾದ ಚೀಬನು, ಯೋನಾತಾನನ ಮಗನೊಬ್ಬನು ಇದ್ದಾನೆ, ಕುಂಟನು, ಲೋದೆಬಾರಿನಲ್ಲಿ ಮಾಕೀರನ ಮನೆಯಲ್ಲಿದ್ದಾನೆ ಎಂದನು. ಕರೆತಂದಾಗ ದಾವೀದನು ಮಾಡಿದ್ದೇನು? ಮೊದಲು ಅವನ ಹೆಸರನ್ನು ಹಿಡಿದು ಕರೆದನು. ಆಮೇಲೆ ಹೆದರಬೇಡವೆಂದನು. ಅವನ ಅಜ್ಜನ ಹೊಲಗಳನ್ನು ಹಿಂದಕ್ಕೆ ಕೊಡಿಸಿದನು. ನಿತ್ಯವೂ ತನ್ನ ಮೇಜಿನಲ್ಲಿ ಊಟಮಾಡಬೇಕೆಂದು ನೇಮಿಸಿದನು. ಈ ನಿತ್ಯ ಎಂಬ ಮಾತು ಆ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಪಾಠದ ಬಲವು ಅದರಲ್ಲಿದೆ. ನಮ್ಮಲ್ಲಿ ಸಾವಿನ ಮನೆಗೆ ಮೂರು ದಿನ ಕಾಲಿಡಲು ಜಾಗವಿಲ್ಲದಷ್ಟು ಜನ. ಮೂವತ್ತನೆಯ ದಿನ ಬಾಗಿಲಲ್ಲಿ ಯಾರೂ ಇಲ್ಲ. ಮಗುವಿಗಾದರೋ ಮೂವತ್ತನೆಯ ದಿನವೇ ಕಠಿಣ. ಆದಕಾರಣ ಸಭೆಯು ಒಬ್ಬರನ್ನೋ ಇಬ್ಬರನ್ನೋ ಆ ಮನೆಗೆ ಗೊತ್ತುಮಾಡಲಿ. ಅವರೇ ಪ್ರತಿ ವಾರ ಅದೇ ದಿನ ಅದೇ ಹೊತ್ತಿಗೆ ಹೋಗಲಿ. ವಾರಕ್ಕೊಬ್ಬರಂತೆ ಮುಖ ಬದಲಾಯಿಸುವದು ಬೇಡ.

ಹೋದವರು ಪ್ರಸಂಗ ಮಾಡಬೇಕಾಗಿಲ್ಲ. ಎಲೀಯನು ಜಾಲೀಗಿಡದ ಕೆಳಗೆ ಸಾಯಬೇಕೆಂದು ಬೇಡಿಕೊಂಡು ಮಲಗಿದಾಗ ದೇವದೂತನು ಅವನಿಗೆ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಅವನು ಉಂಡು ಮತ್ತೆ ನಿದ್ರೆಮಾಡಿದ ಮೇಲೂ ಮತ್ತೊಂದು ಊಟವೇ ಬಂತು. ಉಪದೇಶವು ಬಹು ದಿನಗಳ ಮೇಲೆ. ಯಾಯೀರನ ಮಗಳು ಎದ್ದಾಗ ಕರ್ತನು ಆಜ್ಞಾಪಿಸಿದ್ದು ಆಕೆಗೆ ಊಟಕ್ಕೆ ಕೊಡಿರಿ ಎಂಬದನ್ನೇ. ಹೊತ್ತಿಗೆ ಸರಿಯಾಗಿ ಮುದ್ದೆ ಉಪ್ಪುಸಾರು, ಹೊತ್ತಿಗೆ ಸರಿಯಾಗಿ ನಿದ್ರೆ, ಬೆಳಿಗ್ಗೆ ಎದ್ದು ತಲೆ ಬಾಚಿ ಶಾಲೆಗೆ ಹೋಗುವದು, ಸಾಯಂಕಾಲ ಜೊತೆಯವರೊಂದಿಗೆ ಆಟ: ನಾಳೆಯೂ ಇಂದಿನಂತೆಯೇ ಇರುವದೆಂಬ ಧೈರ್ಯವನ್ನು ಮಗುವು ಇವುಗಳಿಂದ ಪಡೆಯುತ್ತದೆ. ಆಪತ್ತು ಕದ್ದದ್ದು ಆ ಧೈರ್ಯವನ್ನೇ. ಚಿಕ್ಕ ಕೆಲಸವೊಂದನ್ನೂ ಕೊಡಿರಿ; ಪಾಠಶಾಲೆಯ ಚಾಪೆ ಹಾಸುವದು, ಹಾಡಿನ ಪುಸ್ತಕಗಳನ್ನು ಹಂಚುವದು, ಯಾವದಾದರೂ ಆಗಲಿ. ಜೊತೆಯ ಮಕ್ಕಳಿಗೂ ಮುಂಚಿತವಾಗಿ ತಿಳಿಸಿರಿ: ಅವನಿಗೆ ಹೀಗಾಗಿದೆ, ಕೆಣಕಬೇಡಿರಿ, ಆಟಕ್ಕೆ ಕರೆಯಿರಿ. ಗೋಲಿಯಾಟದಲ್ಲಿ ಆ ಮಾತನ್ನು ಎಸೆದ ಹುಡುಗನಿಗೆ ನಾನು ಮುಂಚೆ ಏನನ್ನೂ ಹೇಳಿರಲಿಲ್ಲ, ತಪ್ಪು ಅವನದಲ್ಲ. ತಾಯಂದಿರ ಕೂಟದವರಿಗೆ ಇನ್ನೊಂದು ಮಾತು. ಮಗುವು ತಾಯಿಯ ಮುಖವನ್ನು ನೋಡಿ ತನ್ನ ಭಯವನ್ನು ಅಳೆಯುತ್ತದೆ. ವಿಧವೆಯಾದವಳಿಗೆ ಒಂದು ಹೊತ್ತು ನಿದ್ರೆಯನ್ನು ದೊರಕಿಸಿಕೊಟ್ಟರೆ ಅದು ಮಗುವಿಗೂ ಮಾಡಿದ ಉಪಕಾರ.

ಮಕ್ಕಳನ್ನು ಹಂಚಿಹಾಕುವದು ಮತ್ತೊಂದು ಅವಸರ. ಸಾವಿನ ವಾರದಲ್ಲಿಯೇ ಮಗಳನ್ನು ದೊಡ್ಡವ್ವನ ಮನೆಗೆ, ಮಗನನ್ನು ಬೆಂಗಳೂರಿನ ಯಾವದೋ ಹಾಸ್ಟೆಲಿಗೆ ಎಂದು ಬಂಧುಗಳು ತೀರ್ಮಾನಿಸುತ್ತಾರೆ. ೧೮೭೬–೭೮ರ ದೊಡ್ಡ ಬರಗಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತರು, ಆಗ ಹಿಂದಿನ ಮಿಶನಿನವರು ಹಾಸನ ತುಮಕೂರುಗಳಲ್ಲಿ ಅನಾಥ ಮಕ್ಕಳ ಮನೆಗಳನ್ನು ತೆರೆದದ್ದು ಪ್ರಾಣ ಉಳಿಸಿದ ಕೆಲಸವೇ ಸರಿ, ಬೇರೆ ಗತಿಯಿರಲಿಲ್ಲ. ಈಗ ಗತಿಯುಂಟು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಪಟ್ಟಣದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಆನಾ ಫ್ರಾಯ್ಡ್, ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಸ್ತ್ರೀಯರು ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಮನೆಗಳನ್ನು ನಡಿಸಿ, ಮಕ್ಕಳನ್ನು ದಿನದಿನವೂ ಗಮನಿಸಿ ಬರೆದಿಟ್ಟರು. ತಾಯಿಯ ಮಗ್ಗುಲಲ್ಲಿದ್ದು ಬಾಂಬಿನ ಶಬ್ದವನ್ನು ಕೇಳಿದ ಚಿಕ್ಕ ಮಕ್ಕಳಿಗಿಂತ, ಕ್ಷೇಮಕ್ಕಾಗಿ ತಾಯಿಯಿಂದ ಅಗಲಿಸಲ್ಪಟ್ಟ ಮಕ್ಕಳೇ ಹೆಚ್ಚು ಕದಡಿಹೋಗಿದ್ದರೆಂದು ಅವರು ಕಂಡರು. ನಮ್ಮ ದೇಶದ ೨೦೧೫ರ ಬಾಲನ್ಯಾಯ ಕಾಯಿದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವದು ಕಡೆಯ ಉಪಾಯವಾಗಿರಬೇಕೆಂದು ಹೇಳುತ್ತದೆ. ಮಿಶನ್ ವಾತ್ಸಲ್ಯ ಎಂಬ ಯೋಜನೆಯ ೨೦೨೨ರ ನಿಯಮಗಳಲ್ಲಿ, ವಿಧವೆಯ ಮಕ್ಕಳಿಗೂ ಬಂಧುಗಳ ಮನೆಯಲ್ಲಿರುವ ಅನಾಥರಿಗೂ, ವರಮಾನದ ಮಿತಿಗೆ ಒಳಪಟ್ಟು, ತಿಂಗಳಿಗೆ ೪,೦೦೦ ರೂಪಾಯಿಯ ನೆರವನ್ನು ಗೊತ್ತುಮಾಡಿದ್ದಾರೆ. ಅರ್ಜಿಯನ್ನು ಮಂಡ್ಯದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಅಕ್ಷರ ಬಲ್ಲ ಹಿರಿಯನೊಬ್ಬನು ಆ ತಾಯಿಯ ಸಂಗಡ ಹೋಗಿ ಕೂತು ಅರ್ಜಿ ತುಂಬಿಸಲಿ. ಪ್ರಾರ್ಥನೆಗೆ ಇದೇನು ಕಡಿಮೆಯಾದದ್ದಲ್ಲ. ಹೊಲವನ್ನೂ ಮರೆಯಬೇಡಿರಿ. ತಂದೆ ಸತ್ತ ಮೇಲೆ ಪೌತಿ ಖಾತೆ ಮಾಡಿಸದೆ ಬಿಟ್ಟು, ಪಹಣಿಯಲ್ಲಿ ತಾಯಿಯ ಮತ್ತು ಮಕ್ಕಳ ಹೆಸರು ಬಾರದೆ, ಹತ್ತು ವರುಷದ ಮೇಲೆ ದಾಯಾದಿಗಳ ಬಾಗಿಲು ಕಾಯುವ ಮನೆಗಳನ್ನು ನಾವು ಬಲ್ಲೆವು. ದಾವೀದನು ಮೆಫೀಬೋಶೆತನಿಗೆ ಹೊಲ ಕೊಡಿಸಿ, ಚೀಬನೂ ಅವನ ಹದಿನೈದು ಮಕ್ಕಳೂ ಇಪ್ಪತ್ತು ಆಳುಗಳೂ ಅದನ್ನು ಉಳಬೇಕೆಂದು ಏರ್ಪಡಿಸಿದನೆಂದು ವೇದವು ಲೆಕ್ಕಸಹಿತ ಬರೆದಿದೆ.

ಕೆಲವು ಗಾಯಗಳು ನಮ್ಮ ಕೈಗೆ ಮೀರಿದವು. ತಿಂಗಳು ಕಳೆದರೂ ಮಗುವು ಊಟ ನಿದ್ರೆಗಳನ್ನು ಸೇರದಿದ್ದರೆ, ಯಾರೊಂದಿಗೂ ಮಾತಾಡದಿದ್ದರೆ, ನಡೆದದ್ದೇ ಮತ್ತೆ ಕಣ್ಣ ಮುಂದೆ ಬಂದಂತೆ ಬೆಚ್ಚಿಬೀಳುತ್ತಿದ್ದರೆ, ವೈದ್ಯರಿಗೆ ತೋರಿಸಬೇಕು. ತಾನು ಸತ್ತರೆ ಒಳ್ಳೆಯದೆಂದು ಹೇಳಿದರಂತೂ ಅದೇ ದಿನ ತೋರಿಸಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವುಂಟು. ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಣವಿಲ್ಲದೆ ಕನ್ನಡದಲ್ಲಿ ಸಲಹೆ ದೊರೆಯುತ್ತದೆ. ಮಗುವಿಗೆ ಹಿಂಸೆಯಾಗುತ್ತಿದ್ದರೆ ೧೦೯೮. ಇದು ದೆವ್ವದ ಕಾಟವೆಂದು ಹೇಳಿ ಮಗುವನ್ನು ಊರೂರು ಸುತ್ತಿಸುವವರ ಮಾತಿಗೆ ಕಿವಿಗೊಡಬೇಡಿರಿ, ಅವರು ನಮ್ಮವರೇ ಆಗಿದ್ದರೂ.

ಆ ಹುಡುಗನ ಸಂಗತಿಯನ್ನು ಅರ್ಧಕ್ಕೆ ಬಿಟ್ಟಿದ್ದೆನು. ಅವನ ಪ್ರಶ್ನೆಯ ನಂತರ ಕೆಲವು ವಾರ ನಾನು ಅವನ ಕಣ್ಣನ್ನು ತಪ್ಪಿಸಿದೆನು. ಕಡೆಗೆ ಅವನ ತಂದೆಯ ಅಪ್ಪಣೆ ಪಡೆದು, ಅದೇ ಜಗಲಿಯ ಮೇಲೆ ಕೂತು, “ನಾನ್ ನಿಂಗೆ ಸುಳ್ಳ್ ಹೇಳ್ದೆ ಕಣಪ್ಪ, ನಂಗೆ ಭಯ ಆಗಿತ್ತು” ಎಂದು ಹೇಳಿ, ಆಕೆ ಸತ್ತ ದಿನವನ್ನೂ ಮಣ್ಣು ಮಾಡಿದ ಸ್ಥಳವನ್ನೂ ತಿಳಿಸಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ಅವ್ವಂಗೆ ಅಲ್ಲಿ ನೀರ್ ಯಾರ್ ಕೊಟ್ರು?” ಎಂದನು. ಅದು ನನಗೆ ತಿಳಿದಿರಲಿಲ್ಲ, ತಿಳಿಯದೆಂದೇ ಹೇಳಿದೆನು. ಮರುವಾರ ಅವನೂ ಅವನ ತಂದೆಯೂ ನಾನೂ ಬಸ್ಸಿನಲ್ಲಿ ಹೋಗಿ ಆ ಮಣ್ಣನ್ನು ನೋಡಿದೆವು. ದಾರಿಯಲ್ಲಿ ಅವನು ತಂದೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತನು. ರಸ್ತೆಯ ಬದಿಗೆ ಹೋಗಿ ನಿಲ್ಲುವದನ್ನು ಅಂದಿನಿಂದ ಬಿಟ್ಟನು. ಈಗ ಅವನಿಗೆ ಹತ್ತು ವರುಷ ದಾಟಿದೆ. ಚಾಪೆ ಹಾಸುವವನು ಅವನೇ. ನಾನು ಪಾಠ ಹೇಳುವಾಗ ಒಮ್ಮೊಮ್ಮೆ ತಲೆಯೆತ್ತಿ ನನ್ನನ್ನು ನೋಡುತ್ತಾನೆ. ಆ ನೋಟವು ಏನೆಂದು ನಾನು ಬಲ್ಲೆನು. ಮೆಫೀಬೋಶೆತನು ಅರಸನ ಮೇಜಿನಲ್ಲಿ ನಿತ್ಯವೂ ಊಟಮಾಡುತ್ತಿದ್ದನೆಂದು ಬರೆದ ಮೇಲೆ, ಅವನ ಎರಡು ಕಾಲೂ ಕುಂಟಾಗಿದ್ದವೆಂದು ಆ ಅಧ್ಯಾಯದ ಕಡೆಯಲ್ಲಿ ಮತ್ತೊಮ್ಮೆ ಬರೆದಿದೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು. ದಾದಿಯು ಓಡಬೇಕಾಗಿದ್ದರೆ ಹೇಗೆ ಓಡಬಹುದಾಗಿತ್ತು? ನೀವು ಚಿಕ್ಕವರಾಗಿದ್ದಾಗ ಮನೆಯ ಸಾವನ್ನು ನಿಮಗೆ ಯಾರು, ಯಾವ ಮಾತಿನಿಂದ ತಿಳಿಸಿದರು? ಕಳೆದ ಎರಡು ವರುಷಗಳಲ್ಲಿ ನಿಮ್ಮ ಊರಿನಲ್ಲಿ, ನಮ್ಮ ಸಭೆಯ ಮನೆಗಳಲ್ಲಿ ಮಾತ್ರವಲ್ಲ, ಎಲ್ಲಾ ಬೀದಿಗಳಲ್ಲಿ, ತಂದೆಯನ್ನೋ ತಾಯಿಯನ್ನೋ ಕಳಕೊಂಡ ಮಕ್ಕಳು ಎಷ್ಟು ಮಂದಿ? ಅವರ ಹೆಸರುಗಳನ್ನು ಯಾರನ್ನೂ ಕೇಳದೆ ಹೇಳಬಲ್ಲಿರಾ?